ಅತ್ತೆ ಕೂತ ಸೋಫಾ

ಮೀನಿನ ಮಾಂಸ ವಿಮಾನ ಹತ್ತುತ್ತದೆ. ಮುಳ್ಳು ಒಬುಂಗಾಕ್ಕೆ ಬರುತ್ತದೆ.

ಕಿಸುಮು ಪೇಟೆಯ ಫ್ಯಾಕ್ಟರಿಯವರು ಪಕ್ಕದ ಸರೋವರದ ದೊಡ್ಡ ಮೀನಿನ ಎರಡೂ ಪಕ್ಕೆ ಸೀಳಿ, ಬಿಳಿ ಮಾಂಸವನ್ನು ಐಸಿನಲ್ಲಿ ಮಲಗಿಸಿ ಹೊರದೇಶಕ್ಕೆ ಕಳಿಸುತ್ತಾರೆ. ಉಳಿಯುವುದು ಒಂದು ತಲೆ, ಒಂದು ಬಾಲ, ನಡುವೆ ಬೆನ್ನಮೂಳೆ. ಅದಕ್ಕೆ ಅಂಟಿಕೊಂಡ ಚೂರುಪಾರು ಮಾಂಸವೇ ಒಬುಂಗಾ ಕೇರಿಯ ಹೆಂಗಸರ ಅನ್ನ. ಬೆಳಗ್ಗೆ ಲಾರಿ ಬಂದು ನಿಂತಿತೆಂದರೆ ನೂಕುನುಗ್ಗಲು. ಮೊಣಕೈಯಲ್ಲಿ ತಿವಿಯಬೇಕು, ಬೈಯಬೇಕು, ಬೈಸಿಕೊಳ್ಳಬೇಕು. ದುಡ್ಡು ಕೊಟ್ಟು ಕೊಳ್ಳುವ ಮೂಳೆಯನ್ನು ಲಾರಿಯವನು ಮೇಲಿಂದ ಎಸೆಯುತ್ತಾನೆ. ನಾಯಿಗೆ ಎಸೆಯುವಾಗಲಾದರೂ ಜನ ಬಾ ಬಾ ಎಂದು ಕರೆಯುತ್ತಾರೆ.

ಮಗಳು ಎದೆಹಾಲು ಕುಡಿಯುತ್ತಿದ್ದಾಗಿನಿಂದ ಅಪೊಂಡಿ ಈ ಮೂಳೆ ಕರಿಯುತ್ತಿದ್ದಾಳೆ. ಈಗ ಆ ಮಗಳು ಲವಿನ್ ಹಾಸ್ಟೆಲಿನಲ್ಲಿದ್ದು ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದಾಳೆ. ಅಪೊಂಡಿಯ ಎರಡೂ ಕೈಗಳ ಮೇಲೆ ಎಣ್ಣೆ ಸಿಡಿದ ಕಲೆಗಳು ಮೊಣಕೈವರೆಗೂ ಹರಡಿವೆ. ಗಂಡ ಯಾವಾಗಲೋ ಮೀನಿನ ಮಾಂಸದ ಹಾಗೆ ಹೊರದಾರಿ ಹಿಡಿದ. ಉಳಿದದ್ದು ಇವಳು, ಮಗಳು, ಒಂದು ಬಾಣಲೆ, ಒಂದು ಸೋಫಾ. ಬಾಣಲೆಯೆಂದರೆ ಡ್ರಮ್ಮನ್ನು ಅಡ್ಡ ಸೀಳಿ ತಟ್ಟಿಸಿದ್ದು, ಮಗುವನ್ನು ಕೂರಿಸಿ ಮೀಯಿಸುವಷ್ಟು ದೊಡ್ಡದು. ಸೋಫಾ ಮೇಲೆ ಅವಳೇ ಕೂತು ಹೆಣೆದ ಬಿಳಿ ಕ್ರೋಶಾ ಹೊದಿಕೆ. ಕೈಗೆ ಮೀನಿನ ನಾತ ಎಷ್ಟೇ ಇರಲಿ, ಆ ಹೊದಿಕೆಗೆ ಮಾತ್ರ ಸಾಬೂನಿನ ವಾಸನೆ.

ಸಾಲ ಹೇಗಾಯಿತು ಎಂದು ಕೇಳಬೇಡಿ. ಬಡವರ ಸಾಲಕ್ಕೆ ಕಾರಣ ಕೇಳುವವರಿಗೆ ನನಗೆ ಕೆಟ್ಟ ಸಿಟ್ಟು ಬರುತ್ತದೆ. ಆದರೂ ಹೇಳಿಬಿಡುತ್ತೇನೆ. ಮಗಳ ಫೀಸಿಗೆಂದು ಸಾಲದ ಕಂಪನಿಯಿಂದ ತೆಗೆದುಕೊಂಡಳು. ಆಮೇಲೆ ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ಬಲೆ ಬೀಸುವುದನ್ನೇ ನಿಲ್ಲಿಸಿತು. ಫ್ಯಾಕ್ಟರಿ ಬಾಗಿಲು ಹಾಕಿತು. ಮೂಳೆಯೂ ಇಲ್ಲ. ಕಂತು ತಪ್ಪಿತು. ತಪ್ಪಿದ್ದಕ್ಕೆ ದಂಡ, ದಂಡ ಕಟ್ಟದಿದ್ದಕ್ಕೆ ಇನ್ನೊಂದು ದಂಡ. ಅಷ್ಟರಲ್ಲಿ ಅವಳ ಗುಂಪಿನ ಒಬ್ಬಳು ಊರು ಬಿಟ್ಟು ಓಡಿಹೋದಳು. ಅವಳ ಸಾಲವನ್ನು ಉಳಿದವರ ತಲೆಗೆ ಹಂಚಿದರು. ಅದೂ ಬಂತು ಅಪೊಂಡಿಯ ಪಾಲಿಗೆ.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ನಾವು ಹೇಳುತ್ತೇವೆ. ಆ ಗಾದೆ ಮಾಡಿದವನು ಕಂಪನಿಯ ಸಾಲ ಕಂಡಿರಲಿಲ್ಲ. ಇಪ್ಪತ್ತೈದು ಹೆಂಗಸರ ಒಂದು ಗುಂಪು. ಒಬ್ಬಳಿಗೆ ಇನ್ನೊಬ್ಬಳು ಜಾಮೀನು. ಸಾಲ ಕೊಡುವ ಮೊದಲೇ ಮನೆಯಲ್ಲಿ ಸೋಫಾ ಇದೆಯಾ, ಮಂಚ ಇದೆಯಾ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಯಾರಾದರೂ ಕಂತು ತಪ್ಪಿಸಿದರೆ ಕಂಪನಿಯವರು ಕೈ ಕೊಳೆ ಮಾಡಿಕೊಳ್ಳುವುದಿಲ್ಲ. ಉಳಿದ ಹೆಂಗಸರನ್ನೇ ಅವಳ ಮನೆಗೆ ಕರೆದೊಯ್ಯುತ್ತಾರೆ. ಅವಳ ಸೋಫಾ, ಮಂಚ, ಪಾತ್ರೆ ಎಲ್ಲವನ್ನೂ ಅವಳ ಗೆಳತಿಯರೇ ಹೊತ್ತು ಹೊರಗೆ ತರಬೇಕು. ಕೂಲಿಯೂ ಇಲ್ಲ. ಹೊರದಿದ್ದರೆ ಅವರ ಕೈಯಿಂದಲೇ ಕಂತು ಕಕ್ಕಿಸುತ್ತಾರೆ. ನೆರೆಮನೆಯವಳ ಮಂಚ ಎತ್ತಿದ ಕೈಯಲ್ಲೇ ಮಾರನೆಯ ದಿನ ನೆರೆಮನೆಯವಳ ಹತ್ತಿರ ಉಪ್ಪು ಕೇಳಬೇಕು.

ಈ ಕೆಲಸಕ್ಕೆಂದು ಕಂಪನಿ ಇಟ್ಟಿದ್ದವನು ವಿಕ್ಲಿಫ್. ಎಳೆ ವಯಸ್ಸು, ಟೈ, ಬೈಕು, ಹೆಲ್ಮೆಟ್ಟು. ಕೆಟ್ಟವನೇನಲ್ಲ, ಕೆಟ್ಟ ಕೆಲಸ ಚೆನ್ನಾಗಿ ಮಾಡುವವನು. ಅವನಿಗೆ ಹೆಂಗಸರ ಹೆಸರು ಬೇಡ. ನಂಬರ್ ಸಾಕು. ಇದು ಲುವೋ ಜನರ ಸೀಮೆ. ಇಲ್ಲಿ ಮದುವೆಯಾಗಿ ಬಂದ ಹೆಣ್ಣನ್ನು ಅವಳ ತವರಿನ ಹೆಸರು ಹಿಡಿದು ಕರೆಯುವುದು ಮರ್ಯಾದೆ. ಅಲೆಗೊದ ಮಗಳೇ, ಸೆಮೆಯ ಮಗಳೇ ಎನ್ನುತ್ತಾರೆ. ಹಾಗೆ ಕರೆದಾಗ ಹೆಂಗಸಿನ ಹಿಂದೆ ಒಂದಿಡೀ ಊರು ಬಂದು ನಿಲ್ಲುತ್ತದೆ. ವಿಕ್ಲಿಫ್‌ಗೆ ಊರು ಬಂದು ನಿಲ್ಲುವುದು ಬೇಕಿರಲಿಲ್ಲ. ಅಪೊಂಡಿ ಅವನಿಗೆ ನಂಬರ್ ಏಳು.

ಆ ಮಂಗಳವಾರ ಚರ್ಚಿನ ತಗಡಿನ ಶೆಡ್ಡಿನಲ್ಲಿ ಗುಂಪು ಸೇರಿತ್ತು. ಕಂತು ವಸೂಲಿಗೆ ಮುಂಚೆ ಕಂಪನಿಯ ಕಡೆಯಿಂದ ಉಚಿತ ಪಾಠ ಇತ್ತು. ವಿಷಯ, ಸಾಲದಿಂದ ಹೊರಬರುವುದು ಹೇಗೆ. ಸಾಲ ಕೊಟ್ಟವರೇ ಪಾಠ ಮಾಡುವವರು. ತಲೆಗೊಂದು ಸೋಡಾ, ಎರಡು ಬಿಸ್ಕತ್ತು.

"ಎರಡು ದಾರಿ ಇದೆ," ಎಂದ ವಿಕ್ಲಿಫ್, ಗೋಡೆಗೆ ಅಂಟಿಸಿದ ಚಿತ್ರ ತೋರಿಸುತ್ತ. "ಮೊದಲನೇದು ಹಿಮದ ಉಂಡೆ. ಇರೋದ್ರಲ್ಲಿ ಚಿಕ್ಕ ಸಾಲ ಮೊದಲು ತೀರಿಸಿ. ಆಮೇಲೆ ಅದಕ್ಕಿಂತ ದೊಡ್ಡದು. ಹಿಮದ ಉಂಡೆ ಉರುಳ್ತಾ ಉರುಳ್ತಾ ದೊಡ್ಡದಾಗುತ್ತಲ್ಲ, ಹಂಗೆ. ಎರಡನೇದು, ಯಾವುದಕ್ಕೆ ಬಡ್ಡಿ ಜಾಸ್ತಿಯೋ ಅದನ್ನ ಮೊದಲು ಹೊಡೆಯೋದು. ಯಾವುದು ಮೇಲು, ಹೋಲಿಸಿ ನೋಡಿ."

"ಹಿಮ ಅಂದ್ರೆ ಯಾವುದಪ್ಪಾ?" ಎಂದಳು ರಿಸ್ಪಾ. ಇವಳು ಅಪೊಂಡಿಯ ಪಕ್ಕದ ಒಲೆಯವಳು. ಅವಳ ನಾಲಿಗೆಗೆ ಉಪ್ಪು ಹುಳಿ ಖಾರ ಮೂರೂ ಗೊತ್ತು.

"ಐಸ್ ಅನ್ಕೊಳ್ಳಿ. ಮೀನಿನ ಫ್ಯಾಕ್ಟರೀಲಿ ಇರುತ್ತಲ್ಲ."

"ಅದನ್ನ ಉಂಡೆ ಮಾಡಿ ಒಬುಂಗಾದ ರೋಡಲ್ಲಿ ಉರುಳಿಸಿದ್ರೆ ದೊಡ್ಡದಾಗುತ್ತಾ? ಕರಗಿ ಮೋರಿಗೆ ಹೋಗುತ್ತೆ ಕಣಪ್ಪ."

ಶೆಡ್ಡು ನಕ್ಕಿತು. ವಿಕ್ಲಿಫ್ ಟೈ ಸರಿಮಾಡಿಕೊಂಡ.

"ನಂಬರ್ ಹನ್ನೊಂದು, ತಮಾಷೆ ಸಾಕು. ಮುಖ್ಯ ವಿಷಯ ಏನಂದ್ರೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು."

"ಹಾಸಿಗೆ ಮಂಚ ಎರಡನ್ನೂ ಹೋದ ಸಲ ನೀವೇ ಹೊರಿಸಿಕೊಂಡು ಹೋದ್ರಲ್ಲ. ಈಗ ಕಾಲು ಎಲ್ಲಿ ಚಾಚಲಿ, ನೀವೇ ಜಾಗ ತೋರಿಸಿ."

ಈ ಸಲ ಎಲ್ಲರೂ ನಗಲಿಲ್ಲ. ಆ ಮಂಚದ ಒಂದು ಕಾಲು ಹಿಡಿದಿದ್ದವಳು ಅಪೊಂಡಿ. ಅವಳು ಬಿಸ್ಕತ್ತನ್ನೇ ನೋಡುತ್ತ ಕೂತಳು.

ವಿಕ್ಲಿಫ್ ಜಾಣ. ಸಭೆ ಬಿಗಿಯಾಯಿತೆಂದು ಗೊತ್ತಾಗಿ ಸ್ವಲ್ಪ ನಗಿಸಲು ಹೊರಟ. "ನೋಡಿ, ಖರ್ಚು ಕಡಿಮೆ ಮಾಡಿ. ನನ್ನ ಮನೆಯವಳನ್ನೇ ತಗೊಳ್ಳಿ, ಸಕ್ವಾ ಕಡೆ ಹುಡುಗಿ. ಸಕ್ವಾ ಹುಡುಗೀರು ಗೊತ್ತಲ್ಲ? ಮನೇಲಿ ಹಿಟ್ಟಿಲ್ಲದಿದ್ರೂ ಸೋಫಾ ಮೇಲೆ ಕ್ರೋಶಾ ಇರಬೇಕು. ನಾನೇನೂ ದುಂದು ಮಾಡೋದಿಲ್ಲಪ್ಪ. ಮದುವೆ ಗಿದುವೆ ಅಂತ ಖರ್ಚೂ ಮಾಡಿಲ್ಲ. ಬಾ ಅಂದೆ, ಬಂದಳು, ಇದೀವಿ. ಅದು ಉಳಿತಾಯ!"

ಹಿಂದಿನ ಬೆಂಚಿನಲ್ಲಿ ಡೊರ್ಸಿಲಾ ಅಜ್ಜಿ ನಶ್ಯದ ಚಿಟಿಕೆಯನ್ನು ಮೂಗಿನ ಹತ್ತಿರ ಒಯ್ದವಳು ಅಲ್ಲೇ ನಿಲ್ಲಿಸಿದಳು. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳು. ತೂಕದಲ್ಲೂ ಹಿರಿಯಳು. ನಂಬರ್ ಮೂರು. ಅವಳ ತವರು ಯಾವುದೆಂದು ಶೆಡ್ಡಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಬ್ಬನನ್ನು ಬಿಟ್ಟು. ಅಜ್ಜಿ ನಶ್ಯ ಏರಿಸಿ ಗಟ್ಟಿಯಾಗಿ ಸೀನಿದಳು.

ಕಂತಿನ ಹೊತ್ತು ಬಂತು. ಅಪೊಂಡಿ ಎದ್ದು ನಿಂತಳು. ಕೈಯಲ್ಲಿ ಅರ್ಧ ಕಂತೂ ಇರಲಿಲ್ಲ.

"ನಂಬರ್ ಏಳು, ಇದು ಎಷ್ಟನೇ ಸಲ?"

"ಫ್ಯಾಕ್ಟರಿ ಈಗ ತಾನೇ ತೆಗೆದಿದೆ ಸಾರ್. ಮೂಳೆ ಬರ್ತಾ ಇದೆ. ಸ್ವಲ್ಪ ದಿನ ಕೊಡಿ."

"ದಿನ ನಾನು ಮಾರೋದಿಲ್ಲಮ್ಮ. ಗುರುವಾರ ಬರ್ತೀವಿ. ಸೋಫಾ, ಬಾಣಲೆ, ಎರಡೂ. ಎಲ್ಲಾ ಸದಸ್ಯರೂ ಬರಬೇಕು. ಬರದಿದ್ದವರಿಗೆ ದಂಡ."

"ಬಾಣಲೆ ಬೇಡ ಸಾರ್. ಬಾಣಲೆ ಹೋದ್ರೆ ನಾನು ಎಲ್ಲಿ ಕರೀಲಿ, ನಿಮಗೆ ಏನು ಕಟ್ಟಲಿ? ಮಗಳ ಪರೀಕ್ಷೆ ಮುಂದಿದೆ. ಈ ಟರ್ಮಿನ ಫೀಸು ಕಟ್ಟದಿದ್ರೆ ಪರೀಕ್ಷೆಗೆ ಕೂರಿಸೋದಿಲ್ಲ ಅಂದಿದಾರೆ."

"ಅದನ್ನ ಸಾಲ ತಗೊಳ್ಳೋ ಮೊದಲು ಯೋಚಿಸಬೇಕಿತ್ತು," ಎಂದ ವಿಕ್ಲಿಫ್, ಹೆಲ್ಮೆಟ್ಟು ತಲೆಗೆ ಏರಿಸುತ್ತ. ಈ ಮಾತನ್ನು ಅವನಿಗೆ ಕಂಪನಿ ಕಲಿಸಿತ್ತು. ಅಪೊಂಡಿಯ ಮುಖದ ಮೇಲೆ ಉಗಿದ ಹಾಗಿತ್ತು ಅದು.

ಮಾರನೆಯ ದಿನ ಒಲೆಗಳ ಮುಂದೆ ಅಪೊಂಡಿ, ರಿಸ್ಪಾ, ಡೊರ್ಸಿಲಾ ಅಜ್ಜಿ ಮೂವರೂ ಕೂತು ದಾರಿ ಹುಡುಕಿದರು. ಒಲೆಯ ಹೊಗೆ, ಕುದಿಯುವ ಎಣ್ಣೆ, ಸಿಡಿಯುವ ಮೀನಿನ ತಲೆಗಳು. ಅಪೊಂಡಿ ಉದ್ದನೆಯ ಕಬ್ಬಿಣದ ಜಾಲರಿಯಲ್ಲಿ ಮೂಳೆ ಮಗುಚುತ್ತ ಹೇಳಿದಳು, "ಫೋನಲ್ಲಿ ಸಾಲ ಸಿಗುತ್ತಂತೆ. ಒತ್ತಿದ್ರೆ ಸಾಕು, ದುಡ್ಡು ಬರುತ್ತಂತೆ. ಅದನ್ನ ತಗೊಂಡು ಇದಕ್ಕೆ ಕಟ್ಟಿಬಿಡ್ಲಾ?"

"ಬಾಣಲೆಯಿಂದ ಬೆಂಕಿಗೆ ಬೀಳೋದು ಹೆಂಗೆ ಅಂತ ನಿನಗೆ ನಾನು ಹೇಳಿಕೊಡಬೇಕೇನೇ?" ಎಂದಳು ರಿಸ್ಪಾ. "ನಾನು ತಗೊಂಡಿದ್ದೆನಲ್ಲ. ಎರಡು ದಿನ ತಡ ಆಯ್ತು. ನನ್ನ ಫೋನಲ್ಲಿ ಇದ್ದ ಎಲ್ಲರಿಗೂ ಮೆಸೇಜ್ ಹೋಯ್ತು, ರಿಸ್ಪಾ ಸಾಲಗಾರಳು, ಕಟ್ಟೋಕೆ ಹೇಳಿ ಅಂತ. ಪಾಸ್ಟರ್‌ಗೆ ಹೋಯ್ತು. ಮೇಕೆ ಮಾರಿದವನಿಗೆ ಹೋಯ್ತು. ನನ್ನ ಮೊದಲನೇ ಗಂಡನಿಗೂ ಹೋಯ್ತು ಕಣೇ! ಬಿಟ್ಟು ಹೋದ ಮೇಲೆ ಒಂದು ದಿನಾನೂ ಫೋನ್ ಮಾಡದವನು ಅವತ್ತು ಮಾಡಿದ. ನಿನ್ನ ಹಾಳು ಹೆಸರಿಗೆ ನನ್ನ ನಂಬರ್ ಯಾಕೆ ಕೊಟ್ಟೆ ಅಂತ ಬೈದ. ಕಳೆದುಹೋದ ಗಂಡನ್ನ ಹುಡುಕೋಕಾದ್ರೆ ಆ ಸಾಲ ತಗೋ. ಇಲ್ಲದಿದ್ರೆ ಬೇಡ."

"ಮೂಲೆ ಅಂಗಡಿಯವನು?"

"ಗುರುತಿನ ಚೀಟಿ ಒತ್ತೆ ಇಟ್ಕೋತಾನೆ. ದಾರೀಲಿ ಪೊಲೀಸು ಹಿಡಿದು ಯಾರು ನೀನು ಅಂದ್ರೆ ಏನಂತೀಯ? ಅಂಗಡಿಯವನ ಡಬ್ಬದಲ್ಲಿ ಇದೀನಿ ಸಾರ್ ಅಂತೀಯಾ?"

ಡೊರ್ಸಿಲಾ ಅಜ್ಜಿ ಕುಲುಕುಲು ನಕ್ಕಳು. ಸ್ಟೂಲು ಕಿರುಗುಟ್ಟಿತು.

"ಪಾಸ್ಟರು ಭಾನುವಾರ ಹೇಳಿದ್ರಲ್ಲ ಅಜ್ಜಿ, ಕಾಣಿಕೆ ಬೀಜ ಇದ್ದ ಹಾಗೆ, ಹಾಕಿದ್ರೆ ಹತ್ತರಷ್ಟು ಬರುತ್ತೆ ಅಂತ."

"ಬೀಜ ನಂದು, ಹೊಲ ಅವರದು, ಬೆಳೆ ಯಾರ ಮನೆಗೆ ಹೋಗುತ್ತೆ ಹೇಳು ಮಗಾ. ಅವರ ಕಾರೇ ಸಾಲದ್ದು. ದೇವರು ಮೊದಲು ಅವರದನ್ನ ತೀರಿಸಲಿ."

"ಮೊಂಬಾಸಾದಲ್ಲಿರೋ ನಮ್ಮಣ್ಣನಿಗೆ ಫೋನ್ ಮಾಡಿದ್ದೆ," ಎಂದಳು ಅಪೊಂಡಿ. "ದುಡ್ಡಿಲ್ಲ, ಕಷ್ಟಕ್ಕೆ ಹೆದರಬೇಡ, ಒಂದು ಹೊತ್ತು ಕಮ್ಮಿ ಉಣ್ಣು ಅಂದ."

"ಎರಡು ಹೊತ್ತು ಉಣ್ಣೋರಿಗೆ ಆ ಬುದ್ಧಿ ಹೇಳಬೇಕಿತ್ತು," ಎಂದಳು ರಿಸ್ಪಾ.

ಉಳಿದದ್ದು ಒಂದೇ. ಅದನ್ನು ಅಪೊಂಡಿ ಮೆಲ್ಲಗೆ ಹೇಳಿದಳು. ಬಾಣಲೆ ಕಟ್ಟಿಕೊಂಡು ಅಲೆಗೊದ ತವರಿಗೆ ಓಡಿಹೋಗುವುದು. ಹಾಗೆ ಹೋದವರು ಬೇಕಾದಷ್ಟು ಜನ.

ಯಾರೂ ನಗಲಿಲ್ಲ. ಅವಳು ಓಡಿದರೆ ಅವಳ ಸಾಲ ರಿಸ್ಪಾಳ ತಲೆಗೆ, ಅಜ್ಜಿಯ ತಲೆಗೆ. ಮಂಚ ಕಳೆದುಕೊಂಡವಳು ಇನ್ನು ಚಾಪೆಯನ್ನೂ ಕೊಡಬೇಕು. ರಿಸ್ಪಾ ಬೇಡವೆನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಲೆಗೆ ಸೌದೆ ತುರುಕಿದಳು.

"ಹೋಗಲ್ಲ ಬಿಡು," ಎಂದಳು ಅಪೊಂಡಿ. "ನಿನ್ನ ಮಂಚ ಎತ್ತಿದ ನೋವೇ ಇನ್ನೂ ಭುಜದಲ್ಲಿದೆ."

"ಭುಜದಲ್ಲಿರೋದು ಬಿಡು. ನನಗೆ ಸೊಂಟದಲ್ಲಿದೆ, ನೆಲದ ಮೇಲೆ ಮಲಗಿ ಮಲಗಿ," ಎಂದಳು ರಿಸ್ಪಾ. ಆಮೇಲೆ ಇಬ್ಬರೂ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡರು.

ಡೊರ್ಸಿಲಾ ಅಜ್ಜಿ ಕರಿದ ಬಾಲವೊಂದನ್ನು ಕಟುಂ ಎಂದು ಕಡಿದಳು. "ಅಲೆಗೊದ ಮಗಳೇ, ನಾಳೆ ಟೀ ಮಾಡು. ಹಾಲು ಜಾಸ್ತಿ ಹಾಕು. ನಾನು ಸ್ವಲ್ಪ ಮುಂಚೇನೇ ಬರ್ತೀನಿ. ನನಗೆ ಸೋಫಾ ಮೇಲೆ ಕೂತು ತುಂಬಾ ದಿನ ಆಯ್ತು."

"ಸಾಮಾನು ಹೊರೋಕೆ ಬರೋದಾ, ಕೂರೋಕೆ ಬರೋದಾ ಅಜ್ಜಿ?"

"ಈ ಮೈ ಹೊತ್ತಿರೋದೇ ಸಾಲದಾ? ಕೂರೋಕೇ ಬರ್ತೀನಿ."

ಗುರುವಾರ ಬೆಳಗ್ಗೆ ಕೈಗಾಡಿಯ ಸದ್ದು ಓಣಿಯಲ್ಲಿ ಕೇಳಿಸಿತು. ಮುಂದೆ ವಿಕ್ಲಿಫ್ ಬೈಕು ತಳ್ಳಿಕೊಂಡು, ಹಿಂದೆ ಗಾಡಿಯವನು, ಅವನ ಹಿಂದೆ ಹೆಂಗಸರು. ಹೆಂಗಸರೆಲ್ಲ ಹೆಣ ನೋಡಲು ಬಂದವರಂತೆ ನೆಲ ನೋಡುತ್ತಿದ್ದರು. ಓಣಿಯ ಮಕ್ಕಳು, ಕೋಳಿಗಳು, ಕೆಲಸವಿಲ್ಲದ ಗಂಡಸರು ಎಲ್ಲ ಸೇರಿದರು. ಸೋಫಾ ಹೊರಬರುವುದನ್ನು ನೋಡುವುದೆಂದರೆ ಒಬುಂಗಾದಲ್ಲಿ ಪುಕ್ಕಟೆ ಆಟ.

ಅಪೊಂಡಿಯ ಮನೆ ಒಂದೇ ಕೋಣೆ. ಬಾಗಿಲ ಹೊರಗೆ ಒಲೆ, ಅದರ ಮೇಲೆ ಬಾಣಲೆ. ಅವಳು ಅವತ್ತೂ ಲಾರಿಯ ಹತ್ತಿರ ಹೋಗಿ ಗುದ್ದಾಡಿ ಮೂಳೆ ತಂದಿದ್ದಳು. ಎಣ್ಣೆ ಭರ್ತಿ ಕುದಿಯುತ್ತಿತ್ತು.

"ಇದೇನಮ್ಮ ನಂಬರ್ ಏಳು, ಇಳಿಸಿಲ್ವಾ ಇನ್ನೂ?"

"ಇಳಿಸೋಕೆ ನೀವು ಬಂದಿದೀರಲ್ಲ ಸಾರ್. ಕಿವಿ ಎರಡೂ ಗಟ್ಟಿಯಾಗಿವೆ. ಹಿಡ್ಕೊಳ್ಳಿ."

ವಿಕ್ಲಿಫ್ ಕುದಿಯುವ ಎಣ್ಣೆ ನೋಡಿದ, ತನ್ನ ಬಿಳಿ ಅಂಗಿ ನೋಡಿಕೊಂಡ. "ಸರಿ, ಮೊದಲು ಸೋಫಾ. ಹೆಂಗಸರೆಲ್ಲ ಒಳಗೆ ಬನ್ನಿ. ನಂಬರ್ ಏಳು, ಕ್ರೋಶಾ ತೆಗೆದು ಮಡಚಿಡಿ. ಅದು ಕಂಪನಿಗೆ ಬೇಡ."

ಇದೊಂದು ಮಾತಿಗೆ ಅಪೊಂಡಿ ಕೈಯಲ್ಲಿದ್ದ ಜಾಲರಿ ಕೆಳಗಿಟ್ಟಳು. ಹೆಣದ ಮೈಮೇಲಿನ ಒಡವೆ ತೆಗೆಯಲು ಮನೆಯವರಿಗೇ ಹೇಳುವಂತಿತ್ತು. ತನ್ನ ಮನೆ ಬಯಲು ಮಾಡುವ ಮೊದಲ ಕೆಲಸ ತಾನೇ ಮಾಡಬೇಕು. ರಿಸ್ಪಾಳಿಗೂ ಅವತ್ತು ಹೀಗೇ ಹೇಳಿದ್ದ. ರಿಸ್ಪಾ ಹಾಸಿಗೆಯ ಚಾದರ ಮಡಚಿದ್ದಳು. ಅವಳು ಮಡಚುವವರೆಗೆ ಅಪೊಂಡಿ ಮಂಚದ ಕಾಲು ಹಿಡಿದು ಕಾದು ನಿಂತಿದ್ದಳು.

"ತೆಗೆಯಲ್ಲ," ಎಂದಳು.

"ಏನು?"

"ನಾನು ಹೆಣೆದದ್ದು. ಅದು ಅಲ್ಲೇ ಇರುತ್ತೆ. ತೆಗೆಯಲ್ಲ ಅಂದ್ರೆ ತೆಗೆಯಲ್ಲ."

ವಿಕ್ಲಿಫ್ ಹೊಸ್ತಿಲು ದಾಟಿ ಒಳಗೆ ನುಗ್ಗಿದ, ತಾನೇ ಕೀಳುತ್ತೇನೆಂದು. ಸೋಫಾ ತುಂಬ ಡೊರ್ಸಿಲಾ ಅಜ್ಜಿ ಕೂತಿದ್ದಳು. ಕೈಯಲ್ಲಿ ಟೀ ಲೋಟ. ಹೆಗಲ ಹಿಂದೆ ಬಿಳಿ ಕ್ರೋಶಾ.

"ನಂಬರ್ ಮೂರು, ಏಳಿ. ಸೋಫಾ ಎತ್ತಬೇಕು."

"ಎತ್ತಪ್ಪಾ. ಯಾರು ಬೇಡ ಅಂದ್ರು?" ಅಜ್ಜಿ ಸೊರ್ ಎಂದು ಟೀ ಕುಡಿದಳು. "ಆದ್ರೆ ಎತ್ತೋ ಮೊದಲು ಒಂದು ಮಾತು. ಮಂಗಳವಾರ ಹೇಳಿದೆಯಲ್ಲ, ನಿನ್ನ ಮನೆಯವಳು ಯಾವ ಕಡೆಯವಳು ಅಂದೆ?"

"ಸಕ್ವಾ. ಈಗ ಅದ್ಯಾಕೆ?"

"ಸಕ್ವಾದಲ್ಲಿ ಯಾರ ಮಗಳು?"

ಅವನು ಹೇಳಿದ. ಹೇಳಬಾರದಿತ್ತು. ಆದರೆ ದೊಡ್ಡವರು ಕೇಳಿದಾಗ ಹೇಳದೆ ಇರುವ ಹಾಗೆ ಅವನನ್ನು ಬೆಳೆಸಿರಲಿಲ್ಲ.

"ಅಯ್ಯೋ ಶಿವನೇ ಅನ್ನೋ ಹಂಗಾಯ್ತಲ್ಲಪ್ಪಾ ನಿಮ್ಮ ಕಥೆ," ಎಂದಳು ರಿಸ್ಪಾ ಬಾಗಿಲಿಂದಲೇ. ಅವಳು ನಿಜವಾಗಿ ಕರೆದದ್ದು ಬೇರೆ ದೇವರನ್ನು. ದನಿ ಮಾತ್ರ ಹೀಗೇ ಇತ್ತು. "ನೀವು ಮೂರು ಮೂರು ಅಂತ ಕರೆಯೋ ಈ ಅಜ್ಜಿ ಸಕ್ವಾದ ಮಗಳು. ಅದೇ ಮನೆತನ. ನಿಮ್ಮ ಅತ್ತೆಗೆ ಇವರು ಅಕ್ಕನೋ ಚಿಕ್ಕಮ್ಮನೋ ಆಗಬೇಕು."

"ಅಕ್ಕ," ಎಂದಳು ಅಜ್ಜಿ. "ಅಂದ್ರೆ ನಾನೂ ನಿನಗೆ ಅತ್ತೆ ಕಣಪ್ಪಾ. ಬಾ. ನಿನ್ನತ್ತೆ ಕೂತಿರೋ ಪೀಠ ಇದು. ಎತ್ತು."

ವಿಕ್ಲಿಫ್‌ನ ಮುಖ ಬೂದಿಯಾಯಿತು. ಟೈ ಕಟ್ಟಲಿ, ಕಾಲೇಜು ಓದಲಿ, ಬೈಕು ಹತ್ತಲಿ, ಲುವೋ ಗಂಡಸಿಗೆ ಅತ್ತೆಯೆಂದರೆ ಅತ್ತೆ. ಅವಳ ಮುಂದೆ ತಲೆ ಎತ್ತುವಂತಿಲ್ಲ. ಅವಳು ಕೂತ ಪೀಠ ಮುಟ್ಟುವಂತಿಲ್ಲ. ಮುಟ್ಟಿದವನ ಮೈ ಮೇಣದ ಹಾಗೆ ಸವೆದುಹೋಗುತ್ತದೆ, ಮಕ್ಕಳು ಏಳಿಗೆಯಾಗುವುದಿಲ್ಲ. ಅವನು ನಂಬುತ್ತಿದ್ದನೋ ಇಲ್ಲವೋ, ಆದರೆ ಹೆಂಡತಿ ಬಸುರಿ. ಪರೀಕ್ಷೆ ಮಾಡಿ ನೋಡುವ ಹೊತ್ತು ಅದಲ್ಲ. ಹೆಲ್ಮೆಟ್ಟು ತೆಗೆದು ಎದೆಗೆ ಅಪ್ಪಿಕೊಂಡ. ಬೆನ್ನು ತೋರಿಸಲೂ ಹೆದರಿ ಹಿಮ್ಮುಖವಾಗಿ ಹೊಸ್ತಿಲು ದಾಟಿದ. ಅಲ್ಲಿ ಒಂದು ಕೋಳಿಯ ಮೇಲೆ ಕಾಲಿಟ್ಟ. ಕೋಳಿ ಕೂಗಿದ ಕೂಗಿಗೆ ಇಡೀ ಓಣಿ ಬಿದ್ದು ಬಿದ್ದು ನಕ್ಕಿತು.

"ನನಗೆ... ನನಗೆ ಗೊತ್ತಿರಲಿಲ್ಲ ಅತ್ತೆ," ಎಂದ ಹೊರಗಿನಿಂದಲೇ, ನೆಲ ನೋಡುತ್ತ.

"ಹೆಂಗೆ ಗೊತ್ತಾಗುತ್ತೆ? ನಂಬರಿಗೆ ತವರು ಇರುತ್ತಾ?" ಅಜ್ಜಿಯ ದನಿ ಈಗ ತಮಾಷೆಯದಲ್ಲ. "ಸರಿ, ಲೆಕ್ಕ ಅಂತ ಬಂದ ಮೇಲೆ ಲೆಕ್ಕಾನೇ ಮಾತಾಡೋಣ. ನಮ್ಮ ಹೆಣ್ಣನ್ನ ಮನೇಲಿ ಇಟ್ಕೊಂಡಿದೀಯ. ಹೆಣ್ಣು ತಂದವನು ತೆರ ಅಂತ ಹಸು ಕೊಡೋದು ಪದ್ಧತಿ. ಅವಳ ಅಪ್ಪನ ಹಟ್ಟಿಗೆ ಎಷ್ಟು ಹಸು ಕಳಿಸಿದೀಯ?"

ವಿಕ್ಲಿಫ್ ಟೈ ಸಡಿಲಿಸಿಕೊಂಡ.

"ಒಂದು ಕರು?"

ಅವನು ಕೋಳಿಯ ಕಡೆ ನೋಡಿದ.

"ಕರುವಿನ ಬಾಲ?"

"ಉಳಿತಾಯ ಅಜ್ಜಿ, ಅದು ಉಳಿತಾಯ!" ಎಂದು ರಿಸ್ಪಾ ಕೂಗಿದಳು. ಆಮೇಲೆ ಹೆಂಗಸರನ್ನು ತಡೆಯುವವರು ಯಾರು? ಒಬ್ಬಳು, "ಎರಡು ದಾರಿ ಇದೆ ಸಾರ್, ಹೋಲಿಸಿ ನೋಡಿ," ಎಂದಳು. "ಚಿಕ್ಕ ಹಸು ಮೊದಲು ಕೊಡ್ತೀರೋ, ಕೋಡು ಜಾಸ್ತಿ ಇರೋದನ್ನ ಮೊದಲು ಕೊಡ್ತೀರೋ?" ಇನ್ನೊಬ್ಬಳು, "ಉಂಡೆ ಮಾಡಿ ಉರುಳಿಸಿಬಿಡಿ, ಸಕ್ವಾವರೆಗೂ ಇಳಿಜಾರು!" ಎಂದಳು. ಮೂರನೆಯವಳು, "ಹಟ್ಟಿ ಇದ್ದಷ್ಟು ಹೆಣ್ಣು ತರಬೇಕಿತ್ತಪ್ಪಾ!" ಎಂದಳು. ಗಾಡಿಯವನು ಗಾಡಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಷ್ಟರಲ್ಲಿ ವಿಕ್ಲಿಫ್‌ನ ಫೋನು ಹೊಡೆದುಕೊಂಡಿತು. ಪೇಟೆಯ ಆಫೀಸಿನಿಂದ ಮ್ಯಾನೇಜರು. ಸಾಮಾನು ಎಲ್ಲಿ ಎಂದು ಅವರು ಕೂಗುತ್ತಿದ್ದುದು ಓಣಿಗೆಲ್ಲ ಕೇಳುತ್ತಿತ್ತು. "ಸಾರ್, ಸ್ವಲ್ಪ ತೊಂದರೆ ಆಗಿದೆ ಸಾರ್. ಸೋಫಾ ಮೇಲೆ ಅತ್ತೆ ಕೂತಿದಾರೆ ಸಾರ್... ನನ್ನ ಅತ್ತೆ ಸಾರ್... ಇಲ್ಲ ಸಾರ್, ಕುಡಿದಿಲ್ಲ."

"ನಿನ್ನ ಕೈಲಿ ಆಗದಿದ್ರೆ ಬೇರೆಯವರನ್ನ ಕಳಿಸ್ತೀನಿ!" ಎಂದಿತು ಫೋನು. "ಆ ಹೆಂಗಸರಿಗೆ ಹೇಳು, ಈಗಲೇ ಹೊರಬೇಕು ಅಂತ!"

ನಗು ನಿಂತಿತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಅಳಿಯನ ಕಟ್ಟಳೆ ವಿಕ್ಲಿಫ್‌ನನ್ನು ತಡೆಯಬಹುದು, ಕಂಪನಿಯನ್ನಲ್ಲ. ಕಂಪನಿಗೆ ಅತ್ತೆ ಇರುವುದಿಲ್ಲ. ನಾಳೆ ಬೇರೆ ಯಾವನೋ ಬರುತ್ತಾನೆ. ಬಂದು ಇದನ್ನೇ ಹೇಳುತ್ತಾನೆ. ಇವರೇ ಹೊರಬೇಕು.

ಇವರೇ ಹೊರಬೇಕು. ಅಪೊಂಡಿಗೆ ಅದು ಥಟ್ಟನೆ ತಲೆಗೆ ಹೋಯಿತು. ಈವರೆಗೂ ಒಂದು ಚಮಚವನ್ನೂ ಕಂಪನಿ ಎತ್ತಿದ್ದಿಲ್ಲ. ಎತ್ತಿದ್ದೆಲ್ಲ ಇದೇ ಕೈಗಳು. ಕೈಯೊರೆಸಿಕೊಂಡು ವಿಕ್ಲಿಫ್‌ನ ಹತ್ತಿರ ಹೋದಳು. "ಕೊಡಿ ಇಲ್ಲಿ," ಎಂದು ಫೋನು ಇಸಿದುಕೊಂಡಳು.

"ನಮಸ್ಕಾರ ಸಾರ್. ನಾನು ಅಪೊಂಡಿ, ಅಲೆಗೊದ ಮಗಳು. ನಿಮಗೆ ನಂಬರ್ ಏಳು ಅಂದ್ರೆ ಗೊತ್ತಾಗುತ್ತೆ. ಸೋಫಾ ಇಲ್ಲೇ ಇದೆ ಸಾರ್, ಎಲ್ಲೂ ಹೋಗಿಲ್ಲ. ಬಾಣಲೇನೂ ಇದೆ, ಬಿಸಿಯಾಗಿದೆ. ಬನ್ನಿ, ನೀವೇ ಹೊತ್ಕೊಂಡು ಹೋಗಿ. ನಾವು ಹೊರಲ್ಲ."

ಫೋನು ಏನೋ ಕೂಗಿತು.

"ದಂಡ ಹಾಕ್ಕೊಳ್ಳಿ. ಹೊರಲ್ಲ. ನನ್ನ ಮನೇದೂ ಹೊರಲ್ಲ, ಇನ್ನೊಬ್ಬಳ ಮನೇದೂ ಹೊರಲ್ಲ. ಇವಳ ಮಂಚ ಹೊತ್ತು ನಾನು ಕೆಟ್ಟೆ. ಸಾಕು. ಇಸ್ಕೊಂಡ ದುಡ್ಡು ಕೊಡ್ತೀನಿ, ವಾರವಾರ ಕರಿದಷ್ಟು ಕೊಡ್ತೀನಿ. ದಂಡದ ಮೇಲಿನ ದಂಡ ಕೊಡಲ್ಲ. ಓಡಿಹೋದವಳ ಪಾಲೂ ಕೊಡಲ್ಲ. ನಾನು ಓಡಿಹೋಗಿಲ್ಲವಲ್ಲ, ಅದೇ ನಿಮ್ಮ ಭಾಗ್ಯ ಅನ್ಕೊಳ್ಳಿ."

"ಹೊರಗಿನ ಆಳು ಕಳಿಸ್ತಾರಂತೆ ಕಣೇ," ಎಂದು ಯಾರೋ ಹೆದರಿ ಪಿಸುಗುಟ್ಟಿದರು.

ರಿಸ್ಪಾ ಫೋನಿನ ಹತ್ತಿರ ಬಾಯಿ ಒಯ್ದಳು. "ಕಳಿಸಿ ಸಾರ್! ಕೋರ್ಟಿನ ಕಾಗದ ಕೊಟ್ಟು ಕಳಿಸಿ. ಕಾಗದ ಇಲ್ಲದೆ ಹೊರಗಿನವನು ಮನೆ ಹೊಕ್ಕು ಸಾಮಾನು ಎತ್ತಿದ್ರೆ ಒಬುಂಗಾದಲ್ಲಿ ಅದಕ್ಕೆ ಕಳ್ಳತನ ಅಂತಾರೆ. ಅದಕ್ಕೇ ಅಲ್ವಾ ಇಷ್ಟು ದಿನ ನಮ್ಮ ಕೈಲೇ ಹೊರಿಸಿದ್ದು? ಕಾಗದಕ್ಕೆ ಆಗೋ ಖರ್ಚಲ್ಲಿ ಇಂಥ ನಾಲ್ಕು ಸೋಫಾ ಬರುತ್ತೆ, ಹೋಲಿಸಿ ನೋಡಿ!"

"ಹೊರಲ್ಲ," ಎಂದಳು ಒಳಗಿನಿಂದ ಡೊರ್ಸಿಲಾ ಅಜ್ಜಿ. ಆಮೇಲೆ ಒಬ್ಬೊಬ್ಬಳಾಗಿ ಎಲ್ಲರೂ ಎಂದರು. ಕೆಲವರು ಅಳುತ್ತ, ಕೆಲವರು ನಗುತ್ತ. ಮಂಚ ಹೋದವಳು, ಟೀವಿ ಹೋದವಳು, ಹೊಲಿಗೆ ಮೆಷಿನ್ನು ಹೋದವಳು. ಫೋನು ಸುಮ್ಮನಾಯಿತು. ಅತ್ತ ಕಡೆಯವರು ಇಟ್ಟುಬಿಟ್ಟಿದ್ದರು.

ಗಾಡಿಯವನು ಬಾಡಿಗೆ ಕೇಳಿದ. ಕೊಡಬೇಕಾದವನು ವಿಕ್ಲಿಫ್. ಅವನ ಜೇಬಿನಲ್ಲಿ ಅಷ್ಟಿರಲಿಲ್ಲ. ಅಪೊಂಡಿ ಗಾಡಿಯವನಿಗೆ ಎರಡು ಕರಿದ ತಲೆ ಕೊಟ್ಟು, ಉಳಿದದ್ದನ್ನು ಸಾರ್ ಹೆಸರಿಗೆ ಸಾಲ ಬರೆದುಕೋ ಎಂದಳು.

ಹಾಗೆಂದು ಅಪೊಂಡಿಯ ಸಾಲ ತೀರಿತು ಅಂದುಕೊಳ್ಳಬೇಡಿ. ತೀರಲಿಲ್ಲ. ಮಾಂಸ ಇನ್ನೂ ವಿಮಾನ ಹತ್ತುತ್ತಿದೆ, ಮೂಳೆ ಇನ್ನೂ ಲಾರಿಯಿಂದ ಬೀಳುತ್ತಿದೆ. ಆದರೆ ಬಾಣಲೆ ಒಲೆಯ ಮೇಲೇ ಉಳಿಯಿತು. ಮುಂದಿನ ವಾರ ಅವಳು ಅರ್ಧ ಕಂತು ಕೊಟ್ಟಳು. ಕಂಪನಿ ಗೊಣಗಿತು, ತೆಗೆದುಕೊಂಡಿತು. ಇಷ್ಟೂ ಹೆಂಗಸರು ಒಟ್ಟಿಗೆ ಕೈ ಎತ್ತಿಬಿಟ್ಟರೆ ಅರ್ಧವೂ ಬರುವುದಿಲ್ಲವೆಂದು ಮ್ಯಾನೇಜರಿಗೂ ಯಾರೋ ಪಾಠ ಮಾಡಿರಬೇಕು. ದಂಡದ ಮಾತು ಮತ್ತೆ ಬರಲಿಲ್ಲ. ಕರಿದು ಉಳಿಸಿದ್ದು ಫೀಸಿಗೆ ಹೋಯಿತು, ಲವಿನ್ ಪರೀಕ್ಷೆಗೆ ಕೂತಳು.

ಪರೀಕ್ಷೆ ಮುಗಿದ ವಾರ ತಗಡಿನ ಶೆಡ್ಡಿನಲ್ಲಿ ವಸೂಲಿ ಮುಗಿಯಿತು. ವ್ಯವಹಾರ ಮುಗಿದರೂ ವಿಕ್ಲಿಫ್ ಹೊರಡಲಿಲ್ಲ. ಹೆಲ್ಮೆಟ್ಟನ್ನು ತಿರುಗಿಸುತ್ತ ನಿಂತ. ಡೊರ್ಸಿಲಾ ಅಜ್ಜಿಯ ಕಡೆ ನೋಡದೆ, ಅವಳಿಗೆ ಕೇಳುವಂತೆ ಹೇಳಿದ, "ಸಕ್ವಾದಿಂದ ಹೇಳಿ ಕಳಿಸಿದಾರೆ. ಮಗು ಹುಟ್ಟೋ ಮೊದಲು ಎರಡು ಹಸುವಾದ್ರೂ ಬರಬೇಕಂತೆ. ನನ್ನ ಸಂಬಳದಲ್ಲಿ... ಆಫೀಸಲ್ಲಿ ಸಾಲ ಕೇಳಿದೆ. ಕೊಡ್ತಾರಂತೆ. ಆದ್ರೆ ನಾನೂ ಒಂದು ಗುಂಪಿಗೆ ಸೇರಬೇಕಂತೆ. ಜಾಮೀನು ಬೇಕಂತೆ."

ಎಲ್ಲರೂ ಅಪೊಂಡಿಯನ್ನು ನೋಡಿದರು. ಅವಳು ನಿಧಾನವಾಗಿ ಎದ್ದಳು. ಸೆರಗಿಗೆ ಕೈ ಒರೆಸುವ ಹಾಗೆ, ಸೊಂಟಕ್ಕೆ ಸುತ್ತಿದ ಲೆಸ್ಸೋ ಬಟ್ಟೆಗೆ ಎರಡೂ ಕೈ ಒರೆಸಿಕೊಂಡಳು.

"ನಿಲ್ತೀವಪ್ಪಾ ಜಾಮೀನು. ಮನೆ ಅಳಿಯ ನೀನು, ನಿನ್ನನ್ನ ಬೀದೀಲಿ ಬಿಡೋಕಾಗುತ್ತಾ? ಆದ್ರೆ ಅದಕ್ಕೂ ಮುಂಚೆ ಒಂದು ಪದ್ಧತಿ ಇದೆ. ನೀನೇ ಕಲಿಸಿದ್ದು. ನೆಟ್ಟಗೆ ನಿಂತ್ಕೊಂಡು ಉತ್ತರ ಕೊಡು. ಮನೇಲಿ ಸೋಫಾ ಇದೆಯಾ, ನಂಬರ್ ಇಪ್ಪತ್ತಾರು?"